ಬಸ್ಸಿಗೆ ಸೊನ್ನೆ, ಲಾಡ್ಜಿಗೆ ಸಾವಿರದ ನಾನೂರು!
ದುರ್ಗದ ತಾಯಿ-ಮಗಳ ಎರಡು ದಿನದ ಬೆಂಗಳೂರು ದರ್ಶನ

ಚಿತ್ರದುರ್ಗ: ಶನಿವಾರ ಬೆಳಗಿನ ಜಾವ ಐದೂವರೆ. ಬೆಂಗಳೂರು ಬಸ್ಸು ನಿಲ್ದಾಣಕ್ಕೆ ಬಂದು ಇನ್ನೂ ಸರಿಯಾಗಿ ನಿಂತಿರಲಿಲ್ಲ, ಕಿಟಕಿಯಿಂದ ಒಳಕ್ಕೆ ಟವೆಲು, ವ್ಯಾನಿಟಿ ಬ್ಯಾಗು, ಕೊನೆಗೆ ಒಂದು ತೆಂಗಿನಕಾಯಿ ಚೀಲವೂ ಬಿದ್ದಾಗಿತ್ತು. ಸೀಟು ರಿಸರ್ವ್! ಆ ನೂಕುನುಗ್ಗಲಿನಲ್ಲಿ ಸಂತೆಹೊಂಡದ ಕಡೆಯ ತಾಯಿ-ಮಗಳೂ ಇದ್ದರು. ತಾಯಿ ಸೀರೆಗೆ ಫಾಲ್ಸು, ಜಿಗ್‌ಜಾಗ್ ಹಾಕಿ, ರವಿಕೆ ಹೊಲಿಯುವ ಅಂಗಡಿಯವರು. ಮಗಳು ಬಿ.ಕಾಂ. ಮುಗಿಸಿದವಳು.

ಅಂಗಡಿ ಬಾಗಿಲಿಗೆ 'ಎರಡು ದಿನ ರಜ' ಅಂತ ರಟ್ಟಿನ ಬೋರ್ಡು. ನೆರೆಹೊರೆಯವರ ಮೊದಲ ಪ್ರಶ್ನೆ: "ಯಾರಿಗೆ ಹುಷಾರಿಲ್ಲ?" ದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರು. ಅಷ್ಟು ದೂರ ಹೆಂಗಸರು ಹೋಗುವುದು ಆಸ್ಪತ್ರೆಗೆ, ಇಲ್ಲ ಮದುವೆಗೆ, ಇಲ್ಲ ಬಾಣಂತನಕ್ಕೆ ಎಂಬುದು ಈ ಊರಿನ ವಾಡಿಕೆ. ಈ ತಾಯಿಯೂ ಹಿಂದೆ ಹೋಗಿದ್ದು ಒಂದೇ ಸಲ, ಅತ್ತೆಯ ಕಣ್ಣಿನ ಆಪರೇಷನ್ನಿಗೆ. ಆಗ ನೋಡಿದ್ದು ವಾರ್ಡಿನ ಗೋಡೆ ಮಾತ್ರ. "ಸುಮ್ನೆ ನೋಡ್ಕೊಂಡ್ ಬರೋಕೆ ಹೋಗ್ತಿದೀವಿ" ಅಂದರೆ ನಂಬಿದವರು ಕಡಿಮೆ.

ನಂಬದಿದ್ದುದರಲ್ಲಿ ತಪ್ಪೇನಿಲ್ಲ. ಸುಮ್ಮನೆ ಹೋಗಿದ್ದೂ ಅಲ್ಲ. ಮಗಳಿಗೆ ಪೀಣ್ಯದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ, ತಿಂಗಳಿಗೆ 18,000. ಕಳಿಸಬೇಕೋ ಬೇಡವೋ? ಕಣ್ಣಾರೆ ನೋಡದೆ ಹೂಂ ಅನ್ನುವುದಿಲ್ಲ ಅಂತ ತಾಯಿಯ ಹಟ. ಯಜಮಾನರು ಬರಲಿಲ್ಲ. "ನಿಮ್ಮಿಬ್ಬರಿಗೆ ಫ್ರೀ, ನಂಗೊಬ್ಬನಿಗೆ ದುಡ್ಡು ಯಾಕೆ ದಂಡ?" ಅಂದು ಮಗ್ಗುಲು ಬದಲಾಯಿಸಿ ಮಲಗಿದರಂತೆ.

ಅವರ ಮಾತೂ ಸುಳ್ಳಲ್ಲ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಸೊನ್ನೆ. ರಾಜಹಂಸ, ಐರಾವತ ಹತ್ತಿದರೆ ದುಡ್ಡು ಕೊಡಲೇಬೇಕು. ಗಂಡಸರಿಗೆ ಮಾತ್ರ 2025ರ ಜನವರಿಯಲ್ಲಿ ಶೇಕಡ 15 ದರ ಏರಿತು. ದೂರದ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಅಂತ ನಿಯಮವೇನೋ ಇದೆ. ಅದನ್ನು ಹಿರಿಯೂರು ದಾಟುವ ಹೊತ್ತಿಗೆ ನೆನಪಿಸಿದ ಒಬ್ಬ ಪ್ರಯಾಣಿಕರಿಗೆ ಇಡೀ ಬಸ್ಸೇ ಉತ್ತರ ಕೊಟ್ಟಿತು. ಕಂಡಕ್ಟರು ಕಿಟಕಿ ಕಡೆ ಮುಖ ಮಾಡಿದರು. ಪಾಪ, ಅವರೇನು ಮಾಡಿಯಾರು!

ಹೊಂಡ ಹೋಗಿ ಮೆಜೆಸ್ಟಿಕ್ ಆಯಿತು

ಹತ್ತೂವರೆಗೆ ಮೆಜೆಸ್ಟಿಕ್. ಇದು ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು ಅಂತ ಮಗಳು ಹೇಳಿದ್ದಕ್ಕೆ ತಾಯಿ, "ಸದ್ಯ, ನಮ್ ಸಂತೆಹೊಂಡ ಇನ್ನೂ ಹೊಂಡವಾಗೇ ಐತಲ್ಲ" ಅಂದರು. ಹಸಿವಾಗಿತ್ತು. ಆದರೆ ತಿಂಡಿಗಿಂತ ಮೊದಲು ಚೀಲ ಇಡಲು ಒಂದು ರೂಮು ಬೇಕಲ್ಲ.

ಕಷ್ಟ ಶುರುವಾದದ್ದೇ ಇಲ್ಲಿ. ಮೊದಲನೇ ಲಾಡ್ಜಿನವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಜೊತೇಲಿ ಗಂಡಸರು ಯಾರೂ ಇಲ್ವಾ?" ಅಂದ. ಇಲ್ಲ ಅಂದದ್ದೇ ತಡ, ರೂಮು ಖಾಲಿ ಇಲ್ಲ! ಹಿಂದೆಯೇ ಬಂದ ಗಂಡ-ಹೆಂಡತಿಗೆ ಬೀಗದ ಕೈ ಸಿಕ್ಕಿತು. ಎರಡನೆಯದರಲ್ಲೂ ಅದೇ ರಾಗ. "ಅವಳು ನನ್ನ ಮಗಳು ಕಣಪ್ಪ, ಆಧಾರ್ ನೋಡು, ತಾಯಿ ಹೆಸರು ಕೇಳು" ಅಂತ ಆ ಹೆಂಗಸು ಕೌಂಟರಿನ ಮುಂದೆ ನಿಂತು ಹೇಳಬೇಕಾಗಿ ಬಂತು. ಸರ್ಕಾರ 200 ಕಿಲೋಮೀಟರು ಪುಕ್ಕಟೆ ಕರೆದುಕೊಂಡು ಬಂದು ಬಿಡುತ್ತದೆ, ಆಮೇಲೆ ಎಲ್ಲಿ ತಲೆ ಇಡಬೇಕು ಎಂಬುದನ್ನು ಮಾತ್ರ ಲಾಡ್ಜಿನ ಗುಮಾಸ್ತ ತೀರ್ಮಾನಿಸುತ್ತಾನೆ. ಮೂರನೇ ಕಡೆ ಒಬ್ಬ ವಯಸ್ಸಾದ ಮ್ಯಾನೇಜರು ಎರಡು ಮಾತಾಡದೆ ರೂಮು ಕೊಟ್ಟರು. ಬಾಡಿಗೆ 1,400. ರಾತ್ರಿ ಬಾಗಿಲ ಚಿಲಕಕ್ಕೆ ಕುರ್ಚಿ ಒರಗಿಸಿ ಮಲಗಿದ್ದಾಯಿತು.

ಮಧ್ಯಾಹ್ನ ಚಿಕ್ಕಪೇಟೆ. ಲೈನಿಂಗ್ ಬಟ್ಟೆ, ಲೇಸು, ಹುಕ್ಕು, ದಾರದ ಉಂಡೆ ಅಂತ ತಾಯಿ 2,600 ರೂಪಾಯಿಯ ಮಾಲು ಕಟ್ಟಿಸಿದರು. ಮಗಳು ಒಂದು ಜೊತೆ ಚಪ್ಪಲಿಗೆ ಆಸೆಪಟ್ಟು ಸುಮ್ಮನಾದಳು.

ಸಂಜೆ ಲಾಲ್‌ಬಾಗ್. 240 ಎಕರೆ ತೋಟ, 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು ಅಂತ ಮಗಳು ವಿವರಿಸುತ್ತಿದ್ದಂತೆ ತಾಯಿ ಗಕ್ಕನೆ ನಿಂತರು. "ಯಾರು? ನಮ್ ಓಬವ್ವ ಒನಕೆ ಎತ್ತಿದ್ದು ಇವನ ಸೈನ್ಯದ ಮೇಲೇ ಅಲ್ವೇನೇ?" ಹೌದು, ಅವನೇ. 1779ರಲ್ಲಿ ಮದಕರಿ ನಾಯಕನಿಂದ ದುರ್ಗ ಕಸಿದುಕೊಂಡವನೂ ಅವನೇ. "ತೋಟ ಮಾತ್ರ ಚೆನ್ನಾಗಿ ಮಾಡ್ಸಿದಾನೆ ಬಿಡು" ಅಂದು ಮುಂದೆ ನಡೆದರು. ಕೆಂಪೇಗೌಡ ಗೋಪುರದ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ತಿಳಿದರೂ ಅವರಿಗೇನೂ ಅನ್ನಿಸಲಿಲ್ಲ. ಏಳು ಸುತ್ತಿನ ಕೋಟೆಯ ಊರಿನವರಿಗೆ ಬಂಡೆ ತೋರಿಸಿ ಬೆರಗು ಹುಟ್ಟಿಸುವುದು ಕಷ್ಟ.

ಚಿಲಕ, ನಲ್ಲಿ, ಗೇಟು

ಭಾನುವಾರ ವಿಧಾನಸೌಧವನ್ನು ಹೊರಗಿನಿಂದಲೇ ನೋಡಿದರು. 'ಸರ್ಕಾರದ ಕೆಲಸ ದೇವರ ಕೆಲಸ' ಎಂಬುದನ್ನು ತಾಯಿ ಗಟ್ಟಿಯಾಗಿ ಓದಿದರು. ಪಕ್ಕದಲ್ಲಿದ್ದ ಯಾರೋ ನಕ್ಕರು. ಅಲ್ಲಿಂದ ಮೆಟ್ರೊ ಹತ್ತಿ ದಾಸರಹಳ್ಳಿ. ಮೆಟ್ರೊ ಫ್ರೀ ಅಲ್ಲ. ಸಿಟಿ ಬಸ್ಸು ಫ್ರೀ, ಆದರೆ "ಅದರಲ್ಲಿ ಹೋದ್ರೆ ಮಧ್ಯಾಹ್ನ ಆಗುತ್ತಮ್ಮ" ಅಂತ ಮಗಳು ಬಿಡಲಿಲ್ಲ.

ಹೆಣ್ಣುಮಕ್ಕಳ ಪಿ.ಜಿ. ಮೂರನೇ ಮಹಡಿಯಲ್ಲಿತ್ತು. ಒಂದು ರೂಮಿಗೆ ಮೂರು ಮಂಚ, ಊಟ ಸೇರಿ ತಿಂಗಳಿಗೆ 7,500. ನಡೆಸುವಾಕೆ ವೈಫೈ, ವಾಷಿಂಗ್ ಮೆಷಿನ್ನು ಅಂತ ಹೇಳುತ್ತಲೇ ಇದ್ದರು. ತಾಯಿಯ ಕಿವಿಗೆ ಅದು ಬೀಳಲಿಲ್ಲ. ಬಚ್ಚಲ ಚಿಲಕ ಹಾಕಿ ತೆಗೆದು ನೋಡಿದರು. ನಲ್ಲಿ ತಿರುಗಿಸಿದರು. ಅಡಿಗೆ ಮನೆಯಲ್ಲಿ ಸಾರಿನ ಪಾತ್ರೆಯ ಮುಚ್ಚಳ ಎತ್ತಿದರು. ಗೇಟಿಗೆ ಬೀಗ ಹಾಕುವುದು ಎಷ್ಟು ಹೊತ್ತಿಗೆ, ಕೆಲಸದಿಂದ ತಡವಾದರೆ ತೆಗೆಯುವವರು ಯಾರು ಅಂತ ಕೇಳಿದರು. ಕೊನೆಗೆ ಮಂಚದ ಮೇಲೆ ಓದುತ್ತಿದ್ದ ಹುಡುಗಿಯನ್ನು, "ನೀನು ಯಾವೂರವಳವ್ವ?" ಅಂದರು. ಚಳ್ಳಕೆರೆ! ಅಲ್ಲಿಗೆ ಅರ್ಧ ಮನಸ್ಸು ಆಯಿತು. ಅಡ್ವಾನ್ಸು 15,000 ಕೇಳಿದ್ದರು. ಮೊದಲ ಸಂಬಳ ಬರುವ ತನಕ ಅರ್ಧ, ಆಮೇಲೆ ಅರ್ಧ ಅಂತ ಒಪ್ಪಿಸಿ, ಮೊದಲ ಕಂತನ್ನು ಊರಿಗೆ ಹೋಗಿ ಕಳಿಸುವುದಾಗಿ ಹೇಳಿ ಇಳಿದರು.

ಜಾಲಹಳ್ಳಿ ಕ್ರಾಸಿನಲ್ಲಿ ವಾಪಸು ಬಸ್ಸು. ಈ ಕಡೆ ಬರುವ ಬಸ್ಸಿನಲ್ಲಿ ಆರಾಮಾಗಿ ಸೀಟು. ಆ ಕಡೆ ಹೋಗುವವು ಮಾತ್ರ ಕಿಕ್ಕಿರಿದಿದ್ದವು. ಸೋಮವಾರದ ಕೆಲಸಕ್ಕೆ ಊರಿಂದ ಹೊರಟ ಹುಡುಗ-ಹುಡುಗಿಯರು. ಸಿರಾದ ತನಕ ತಾಯಿ ಆ ಬಸ್ಸುಗಳನ್ನೇ ನೋಡುತ್ತಿದ್ದರು, ಮಾತಿಲ್ಲ. ಆಮೇಲೆ ಚೀಟಿ ತೆಗೆದು ಲೆಕ್ಕ ಹಾಕಿದರು. ಬಸ್ಸು 0. ಲಾಡ್ಜು 1,400. ಊಟ, ತಿಂಡಿ 900. ಮೆಟ್ರೊ 250ರ ಆಸುಪಾಸು. ಆಟೋ, ಲಾಲ್‌ಬಾಗ್ ಟಿಕೆಟ್ಟು, ಕಾಫಿ, ಕಾಸು ಕೊಟ್ಟು ಹೋಗುವ ಕಕ್ಕಸು ಎಲ್ಲ ಸೇರಿ 3,000ದ ಹತ್ತಿರ. ಅಂಗಡಿ ಎರಡು ದಿನ ಮುಚ್ಚಿದ ನಷ್ಟ ಬೇರೆ. ಫ್ರೀ ಬಸ್ಸಿನಲ್ಲಿ ಹೆಂಗಸರು ಪುಕ್ಕಟೆ ತಿರುಗುತ್ತಾರೆ ಅಂತ ಕಟ್ಟೆ ಮೇಲೆ ಕೂತು ಆಡಿಕೊಳ್ಳುವವರು ಈ ಚೀಟಿಯನ್ನೊಮ್ಮೆ ನೋಡಬಹುದು.

ಸೋಮವಾರ ಹತ್ತಕ್ಕೆ ಅಂಗಡಿ ಬಾಗಿಲು ತೆರೆಯಿತು. ಲಕ್ಷ್ಮೀ ಬಜಾರಿನ ಬಟ್ಟೆ ವರ್ತಕರೊಬ್ಬರು ಆ ಕಡೆ ಹಾಯುವಾಗ ಗಂಟು ಕಂಡು ನಿಂತರು. "ಎಲ್ಲರೂ ಹಿಂಗೆ ಚಿಕ್ಕಪೇಟೆಗೇ ಹೋದ್ರೆ ನಾವೇನು ಬಾಗಿಲು ಹಾಕೋದಾ ತಾಯಿ?" ಅಂದರು. ಆಮೇಲೆ ಮೆಲ್ಲಗೆ, ಲೈನಿಂಗು ಮೀಟರಿಗೆ ಎಷ್ಟು ಬಿತ್ತು ಅಂತಲೂ ಕೇಳಿದರು.

ಮಗಳು ಒಂದನೇ ತಾರೀಖಿಗೆ ಕೆಲಸಕ್ಕೆ ಸೇರುತ್ತಾಳೆ. ಹಾಸಿಗೆ, ಸೂಟ್‌ಕೇಸು ಹೊರುವುದಕ್ಕೆ ಈ ಸಲ ಯಜಮಾನರೂ ಹೊರಟಿದ್ದಾರೆ. ಅವರೊಬ್ಬರಿಗೆ ಟಿಕೆಟ್ ತಗೋಬೇಕು.