620 ಮೀಟರ್ ಎಲ್ಲಿ ಹೋಯಿತು?

ಟ್ರೆಡ್‌ಮಿಲ್ಲಿನ ಪರದೆ 5 ಕಿಲೋಮೀಟರ್ ಅಂದಿತು. ಕೈಯಲ್ಲಿದ್ದ ವಾಚು 4.38 ಅಂದಿತು. ನಡುವಿನ 620 ಮೀಟರ್ ನಾಪತ್ತೆ. ಮೂವತ್ತೊಂದು ವರ್ಷ ಸರ್ವೆಯರ್ ಆಗಿದ್ದವನು ನಾನು. ಬದುವಿನ ಅಳತೆಯಲ್ಲಿ ಒಂದು ಆಣೆ ಹೆಚ್ಚುಕಡಿಮೆಯಾದರೆ ಒಡಹುಟ್ಟಿದವರೇ ಕುಡುಗೋಲು ಎತ್ತಿದ್ದನ್ನು ಕಂಡಿದ್ದೇನೆ. ಅಷ್ಟು ದೂರವನ್ನು ಸುಮ್ಮನೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಜಿಮ್ಮಿನ ಹುಡುಗನನ್ನು ಕೇಳಿದೆ. "ಟ್ರೆಡ್‌ಮಿಲ್ಲೇ ಕರೆಕ್ಟು ಅಂಕಲ್, ಅದು ಮಷೀನು" ಅಂದ. ವಾಚು ಕೊಡಿಸಿದ ಮಗಳಿಗೆ ಫೋನು ಮಾಡಿದೆ. "ವಾಚೇ ಸರಿ ಇರತ್ತಪ್ಪ, ಅಷ್ಟು ದುಡ್ಡು ಕೊಟ್ಟಿದೀನಿ" ಅಂದಳು. ಸರ್ವೆ ಕೆಲಸದಲ್ಲಿ ಇಂಥ ಸಾಕ್ಷಿಗಳನ್ನು ಬೇಕಾದಷ್ಟು ಕೇಳಿದ್ದೇನೆ. ಮರುದಿನ ಟೇಪು, ಸೀಮೆಸುಣ್ಣ ತೆಗೆದುಕೊಂಡು ಹೋದೆ.

ಟ್ರೆಡ್‌ಮಿಲ್ಲು ಓಡುವವನನ್ನು ಅಳೆಯುವುದೇ ಇಲ್ಲ, ತನ್ನನ್ನೇ ಅಳೆದುಕೊಳ್ಳುತ್ತದೆ. ಮೋಟಾರೋ ರೋಲರೋ ಎಷ್ಟು ಸುತ್ತು ತಿರುಗಿತು ಎಂದು ಒಂದು ಸೆನ್ಸರ್ ಎಣಿಸುತ್ತದೆ. ಅಷ್ಟು ಸುತ್ತಿಗೆ ಬೆಲ್ಟು ಎಷ್ಟು ಸರಿದಿರಬೇಕು ಎಂಬುದನ್ನು ಕಾರ್ಖಾನೆಯಲ್ಲೇ ಬರೆದಿಟ್ಟಿರುತ್ತಾರೆ. ಗುಣಿಸಿದರೆ ದೂರ ಬಂತು. ಬೆಲ್ಟು ಜಾರದೆ ಇರುವವರೆಗೆ ಇದು ಒಳ್ಳೆಯ ಲೆಕ್ಕ.

ಬೆಲ್ಟಿನ ಮೇಲೆ ಗೆರೆ ಎಳೆದು, ತುಸುತುಸುವೇ ತಿರುಗಿಸುತ್ತಾ ಅಳೆದೆ. ಒಂದು ಸುತ್ತು 3 ಮೀಟರ್ 6 ಸೆಂಟಿಮೀಟರ್. 50 ಸುತ್ತಿಗೆ 153 ಮೀಟರ್. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಅದಕ್ಕೆ 69 ಸೆಕೆಂಡು ಬೇಕು. ಖಾಲಿ ಬಿಟ್ಟಾಗ ಸರಿಯಾಗಿ 69 ಸೆಕೆಂಡೇ ಆಯಿತು. ಹುಡುಗನ ಮುಖ ಅರಳಿತು. ಆಮೇಲೆ ನಾನು ಹತ್ತಿ ಓಡಿದೆ, ಅವನು ಗೆರೆ ನೋಡುತ್ತಾ ಎಣಿಸಿದ. 71.5 ಸೆಕೆಂಡು! ನನ್ನ 78 ಕಿಲೋ ತೂಕ ಪ್ರತಿ ಹೆಜ್ಜೆಗೂ ಬೆಲ್ಟನ್ನು ಚೂರು ಹಿಡಿದು ನಿಲ್ಲಿಸುತ್ತಿತ್ತು. ಒಳಗೆ ಮೋಟಾರು ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಪರದೆಯ ಮೇಲಿನ 8 ನಿಜದಲ್ಲಿ 7.7. ಹಿಂದಿನ ದಿನ ನಾನು ಓಡಿದ್ದು 5 ಕಿಲೋಮೀಟರ್ ಅಲ್ಲ, 4.81. ಮಷೀನು ಪರೀಕ್ಷಿಸುವಾಗ ಮೇಲೆ ಆಳು ಓಡುತ್ತಿರಬೇಕು, ಖಾಲಿ ಬೆಲ್ಟಿನ ಲೆಕ್ಕ ಲೆಕ್ಕವಲ್ಲ.

ಹಾಗಾದರೂ ವಾಚಿನ 4.38ಕ್ಕೆ ಇನ್ನೂ 430 ಮೀಟರ್ ಬಾಕಿ ಉಳಿಯಿತಲ್ಲ?

ನಮ್ಮ ಕಡೆ ಹೊಲ ಅಳೆಯುವ ಸರಪಳಿಯ ವಿಷಯ ಇಲ್ಲಿ ಹೇಳಲೇಬೇಕು. 33 ಅಡಿ ಉದ್ದ, ಅದರ 16 ಭಾಗಗಳಲ್ಲಿ ಒಂದೊಂದೂ ಒಂದು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಎಳೆದು ಎಳೆದು ಸರಪಳಿಯ ಕೊಂಡಿಗಳು ಬಾಯಿ ಬಿಡುತ್ತವೆ, ಗೊತ್ತಾಗದ ಹಾಗೆ ಅದು ಉದ್ದವಾಗುತ್ತದೆ. ಸರಪಳಿ ಬೆಳೆದರೆ ಹೊಲ ಕುಗ್ಗುತ್ತದೆ! ಉದ್ದನೆಯ ಸರಪಳಿಯನ್ನು 33 ಅಡಿ ಎಂದೇ ನಂಬಿ ಎಣಿಸಿದರೆ ಎಣಿಕೆ ಕಡಿಮೆ ಬರುತ್ತದೆ. ವಾಚಿನಲ್ಲಿ ಆದದ್ದೂ ಇದೇ.

ಬಯಲಿನಲ್ಲಾದರೆ ವಾಚು ಸುಮಾರು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳನ್ನು ಕೇಳಿ ದೂರ ಹೇಳುತ್ತದೆ. ಜಿಮ್ಮಿನೊಳಗೆ ಉಪಗ್ರಹಕ್ಕೆ ಕೆಲಸವಿಲ್ಲ, ನಾನು ನಿಂತಲ್ಲೇ ಓಡುತ್ತಿದ್ದೇನೆ. ಆಗ ಅದಕ್ಕಿರುವ ಆಧಾರ ಅಲುಗಾಟವನ್ನು ಗ್ರಹಿಸುವ ಒಂದು ಪುಟ್ಟ ಚಿಪ್ ಮಾತ್ರ. ಕೈ ಬೀಸುವುದನ್ನು ನೋಡಿ ಹೆಜ್ಜೆ ಎಣಿಸುತ್ತದೆ, ಹೆಜ್ಜೆಯ ಉದ್ದವನ್ನು ಅಂದಾಜಿನಿಂದ ಹಾಕುತ್ತದೆ. ಎಣಿಕೆಯಲ್ಲಿ ತಪ್ಪಿರಲಿಲ್ಲ. ನಿಮಿಷಕ್ಕೆ 160ರಂತೆ ಮೂವತ್ತೇಳೂವರೆ ನಿಮಿಷಕ್ಕೆ 6,000 ಹೆಜ್ಜೆ. ಆದರೆ ನನ್ನ ಹೆಜ್ಜೆ ಹೆಚ್ಚುಕಡಿಮೆ 80 ಸೆಂಟಿಮೀಟರ್, ಅದು ಹಿಡಿದದ್ದು 73. ಏಳೇಳು ಸೆಂಟಿಮೀಟರ್ ಆರು ಸಾವಿರ ಸಲ ಕಳೆದುಹೋದರೆ 420 ಮೀಟರ್. ಕಳ್ಳ ಸಿಕ್ಕಿದ. (ಕಂಬಿ ಹಿಡಿದುಕೊಂಡು ಓಡುವವರಿಗೆ ಹೆಜ್ಜೆಯ ಎಣಿಕೆಯೂ ತಪ್ಪುತ್ತದೆ. ಕೈಯೇ ಅಲುಗದಿದ್ದರೆ ವಾಚಿಗೇನು ಕನಸು ಬೀಳುತ್ತದೆಯೆ?)

ಸರಪಳಿ ಸರಿಪಡಿಸಲು ಗೊತ್ತಾದ ಅಳತೆ ಬೇಕು. ಆಪಲ್ ಕಂಪನಿ ತನ್ನ ವಾಚು ಕಟ್ಟಿಕೊಂಡು ಬಯಲಿನಲ್ಲಿ 20 ನಿಮಿಷ ನಡೆಯಿರಿ ಇಲ್ಲವೆ ಓಡಿರಿ ಎನ್ನುತ್ತದೆ. ಉಪಗ್ರಹದ ದೂರವನ್ನು ಹೆಜ್ಜೆಗಳಿಗೆ ಹಂಚಿ ಅದು ಹೆಜ್ಜೆಯ ಉದ್ದ ಕಲಿಯುತ್ತದೆ. ಗಾರ್ಮಿನ್ ವಾಚುಗಳಲ್ಲಿ ಓಟ ಮುಗಿದಾಗ ಟ್ರೆಡ್‌ಮಿಲ್ ತೋರಿಸಿದ ದೂರವನ್ನು ತುಂಬುವ ಅವಕಾಶವಿದೆ. ಇದರಲ್ಲಿ ಒಂದು ಅಪಾಯ. ನನ್ನ ಜಿಮ್ಮಿನ 5 ಕಿಲೋಮೀಟರನ್ನು ತುಂಬಿದ್ದರೆ, ಸವೆದ ಸರಪಳಿ ಹಿಡಿದು ಹೊಸ ಸರಪಳಿಯನ್ನು ಪರೀಕ್ಷೆ ಮಾಡಿದಂತಾಗುತ್ತಿತ್ತು.

ನಾನು ಜಿಲ್ಲಾ ಕ್ರೀಡಾಂಗಣಕ್ಕೆ ಹೋದೆ. ಅಲ್ಲೂ ಎಚ್ಚರ ಬೇಕು. ಟ್ರ್ಯಾಕಿನ 400 ಮೀಟರ್ ಎಂಬುದು ಮೊದಲನೇ ಲೇನಿಗೆ ಮಾತ್ರ, ಒಳಗಿನ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ. ಎರಡನೇ ಲೇನಿನ ಒಂದು ಸುತ್ತು 407 ಮೀಟರ್. ಕೋಚಿಂಗಿನ ಮಕ್ಕಳು ಏಳುವ ಮುಂಚೆಯೇ ಹೋಗಿ ಮೊದಲನೇ ಲೇನಿನಲ್ಲಿ 12 ಸುತ್ತು ಹಾಕಿದೆ. ಉಪಗ್ರಹವೂ ದೇವರೇನಲ್ಲ. ಬಯಲಿನಲ್ಲೇ ಫೋನಿನ ಜಿಪಿಎಸ್ ಐದು ಮೀಟರ್ ಅತ್ತಿತ್ತ ಹೇಳುವುದುಂಟು, ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಇನ್ನೂ ಹೆಚ್ಚು.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟ ಮುಗಿಸಿದವರು "ವಾಚಲ್ಲಿ 10.2 ಬಂತು, ದಾರಿ ಜಾಸ್ತಿ ಇಟ್ಟಿದ್ದಾರೆ" ಎಂದು ಗೊಣಗುವುದನ್ನು ಕೇಳಿದ್ದೇನೆ. ಇಂಥ ಓಟಗಳ ದಾರಿಯನ್ನು ಸೈಕಲ್ಲಿನ ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿ ಅಳೆಯುತ್ತಾರೆ. ಜೋನ್ಸ್ ಕೌಂಟರ್ ಎಂದು ಅದರ ಹೆಸರು. ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆದು, ಕಡಿಮೆ ಬೀಳದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಓಡುವವರು ಜನರನ್ನು ತಪ್ಪಿಸುತ್ತಾ ಅಂಕುಡೊಂಕಾಗಿ ಹೋಗುತ್ತಾರೆ. ಸೈಕಲ್ಲಿನವರ ಪರ ಸಾಕ್ಷಿ ಹೇಳಲು ನಾನು ಸಿದ್ಧ.

ವಾಚು ತೋರಿಸುವ ಕ್ಯಾಲೊರಿಯ ವಿಷಯ ಮಾತ್ರ ಕೇಳಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಆರು ಸಾಧನಗಳ ಎದೆಬಡಿತದ ಲೆಕ್ಕದಲ್ಲಿ ತಪ್ಪು ಶೇ. 5ಕ್ಕಿಂತ ಕಡಿಮೆ. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನದ್ದೇ ಸರಾಸರಿ ಶೇ. 27 ತಪ್ಪು. ಅದನ್ನು ನಂಬಿ ಎರಡನೇ ಹೋಳಿಗೆಗೆ ಕೈ ಹಾಕಬೇಡಿ.

ಕ್ರೀಡಾಂಗಣದ ಪಾಠವಾದ ಮೇಲೆ ಟ್ರೆಡ್‌ಮಿಲ್ಲಿನ 5 ಕಿಲೋಮೀಟರಿಗೆ ವಾಚು 4.77 ತೋರಿಸತೊಡಗಿತು. ನನ್ನ 4.81ಕ್ಕೆ ಅದು ಸಾಕಷ್ಟು ಹತ್ತಿರ. ಹುಡುಗ ಬೆಲ್ಟಿನಡಿ ಸಿಲಿಕೋನ್ ಎಣ್ಣೆ ಬಿಟ್ಟು, ಹಿಂದಿನ ಎರಡು ಬೋಲ್ಟು ಬಿಗಿ ಮಾಡಿದ. ಮತ್ತೆ ಹತ್ತಿ ಓಡಿದಾಗ 50 ಸುತ್ತಿಗೆ 69.5 ಸೆಕೆಂಡು.

ಎರಡು ದಿನ ಬಿಟ್ಟು ಅದೇ ಮಷೀನಿನಲ್ಲಿ ಓಡುವ ಬ್ಯಾಂಕ್ ಮ್ಯಾನೇಜರು ಏದುಸಿರು ಬಿಡುತ್ತಾ ಕೆಳಗಿಳಿದರು. "ಏನ್ರೀ ಇದು, ಯಾರೋ ಮಷೀನ್ ಕೆಡಿಸಿಬಿಟ್ಟಿದ್ದಾರೆ" ಅಂದರು. ಹುಡುಗ ನನ್ನ ಕಡೆ ನೋಡಿದ. ನಾನು ಶೂ ಲೇಸು ಕಟ್ಟುತ್ತಿದ್ದೆ.