ಮಾನಿಟರು ಮತ್ತು ಗ್ರಾಫಿಕ್ಸ್ ಕಾರ್ಡು: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮನೆಗೆ ಕಂಪ್ಯೂಟರನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಗ್ರಾಫಿಕ್ಸ್ ಕಾರ್ಡನ್ನು. ಉಳಿದ ಹಣಕ್ಕೆ ಯಾವುದಾದರೊಂದು ಮಾನಿಟರು. ಈ ಕ್ರಮವು ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ. ದಿನವೂ ಗಂಟೆಗಟ್ಟಲೆ ನಾವು ದಿಟ್ಟಿಸುವುದು ಮಾನಿಟರನ್ನು. ಕಾರ್ಡು ಎಷ್ಟು ದುಡಿಯಬೇಕೆಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದೂ ಅದೇ. ಆದುದರಿಂದ ಕಣ್ಣಿನಿಂದಲೇ ಪ್ರಾರಂಭಿಸೋಣ.

ಪರದೆಯ ಚಿತ್ರವು ಪಿಕ್ಸೆಲ್ ಎಂಬ ಅತಿ ಸಣ್ಣ ಚೌಕಗಳಿಂದ ಆಗಿರುವುದಷ್ಟೆ. ಎರಡು ಬಿಂದುಗಳು ಕಣ್ಣಿನಲ್ಲಿ ಮಾಡುವ ಕೋನವು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗಿಂತ ಕಡಿಮೆಯಾದರೆ, ಸಾಮಾನ್ಯ ದೃಷ್ಟಿಯುಳ್ಳವರಿಗೆ ಅವು ಬೇರೆ ಬೇರೆಯಾಗಿ ತೋರುವುದಿಲ್ಲ. 24 ಅಂಗುಲದ ಮಾನಿಟರಿನಲ್ಲಿ ಅಡ್ಡಲಾಗಿ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲುಗಳಿದ್ದರೆ ಒಂದೊಂದರ ಅಗಲ ಸುಮಾರು 0.28 ಮಿಲಿಮೀಟರು. ಅವು ಒಂದರೊಡನೊಂದು ಬೆರೆತು ಕಾಣಬೇಕಾದರೆ ನಾವು 95 ಸೆಂಟಿಮೀಟರು ಹಿಂದೆ ಸರಿಯಬೇಕು. ಮೇಜಿನ ಮುಂದೆ ಕೂರುವುದು 60-70 ಸೆಂಟಿಮೀಟರಿನಲ್ಲಿ. ಅಕ್ಷರದ ಅಂಚು ತುಸು ಒರಟಾಗಿ ತೋರಿದರೂ ಕೆಲಸಕ್ಕೆ ಅಡ್ಡಿಯಿಲ್ಲ. ಅಷ್ಟೇ ಪಿಕ್ಸೆಲುಗಳನ್ನು 27 ಅಂಗುಲಕ್ಕೆ ಹಿಗ್ಗಿಸಿದರೆ ಆ ದೂರ 107 ಸೆಂಟಿಮೀಟರಿಗೆ ಏರುತ್ತದೆ. ಅಗ್ಗಕ್ಕೆ ದೊಡ್ಡ ಪರದೆ ಸಿಕ್ಕಿತೆಂದು ಹಿಗ್ಗಿ ತಂದವರು, ಕನ್ನಡದ ಒತ್ತಕ್ಷರಗಳನ್ನು ಓದತೊಡಗಿದೊಡನೆ ಇದರ ಪರಿಣಾಮವನ್ನು ಕಾಣುವರು. 27 ಅಂಗುಲವೇ ಬೇಕಾದವರು 2560 ಮತ್ತು 1440 ಪಿಕ್ಸೆಲುಗಳದನ್ನು ಆರಿಸಲಿ. ಅದರಲ್ಲಿ ಆ ದೂರ 80 ಸೆಂಟಿಮೀಟರು.

ಹಾಗಾದರೆ ಪಿಕ್ಸೆಲುಗಳು ಹೆಚ್ಚಿದಷ್ಟೂ ಲೇಸಲ್ಲವೆ? ಕಣ್ಣಿಗೆ ಲೇಸು, ಕಾರ್ಡಿಗೆ ಹೊರೆ. ಮೊದಲನೆಯ ಪರದೆಯಲ್ಲಿ ಒಟ್ಟು 20,73,600 ಪಿಕ್ಸೆಲುಗಳು; ‘ನಾಲ್ಕು ಕೆ’ ಎಂದು ಕರೆಯುವ ಪರದೆಯಲ್ಲಿ 82,94,400, ಎಂದರೆ ಸರಿಯಾಗಿ ನಾಲ್ಕರಷ್ಟು. ಸೆಕೆಂಡಿಗೆ 60 ಬಾರಿ ಚಿತ್ರವನ್ನು ಹೊಸದಾಗಿ ರಚಿಸಬೇಕಾದರೆ ಮೊದಲನೆಯದಕ್ಕೆ 12 ಕೋಟಿಗೂ ಮಿಗಿಲಾದ ಪಿಕ್ಸೆಲುಗಳ ಬಣ್ಣವನ್ನು ಲೆಕ್ಕಹಾಕಬೇಕು. ಎರಡನೆಯದಕ್ಕೆ ಸುಮಾರು 50 ಕೋಟಿ. ಆಟಗಳಲ್ಲಿ ಬೆಳಕು ನೆರಳುಗಳ ಗಣಿತವೂ ಸೇರುವುದರಿಂದ ಕಡಿಮೆ ಬೆಲೆಯ ಕಾರ್ಡು ಇಲ್ಲಿ ಸೋಲುತ್ತದೆ. ಆದರೆ ಬರೆವಣಿಗೆ, ಲೆಕ್ಕಪತ್ರ, ಪಾಠ, ಚಲನಚಿತ್ರ ಇವಕ್ಕೆ ಪ್ರಾಸೆಸರಿನೊಳಗೇ ಅಡಕವಾಗಿರುವ ಗ್ರಾಫಿಕ್ಸ್ ಭಾಗವು ಧಾರಾಳವಾಗಿ ಸಾಕು. ಇಂಥವರು ಕಾರ್ಡನ್ನು ಕೊಳ್ಳಲೇಬೇಕಾಗಿಲ್ಲ. ಇಂಟೆಲ್ ಪ್ರಾಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಮಾತ್ರ ಆ ಭಾಗ ಅದರಲ್ಲಿಲ್ಲವೆಂದು ತಿಳಿಯಬೇಕು.

ಅಂಗಡಿಯವರು ಕಾರ್ಡಿನ ಸ್ಮೃತಿಯ ಪ್ರಮಾಣವನ್ನೇ ಎತ್ತಿ ಹೇಳುವುದುಂಟು. ಮೊದಲ ಪರದೆಯ ಒಂದು ಪೂರ್ಣ ಚಿತ್ರಕ್ಕೆ ಬೇಕಾದ ಸ್ಮೃತಿ ಬರಿಯ 8 ಮೆಗಾಬೈಟು! ಉಳಿದುದೆಲ್ಲ ಬೇಕಾಗುವುದು ಬಹುಪಾಲು ಆಟದ ಗೋಡೆ, ನೆಲ, ಗಿಡಮರಗಳ ಮೇಲ್ಮೈಯ ಚಿತ್ರಗಳಿಗೆ. ಪ್ರಮಾಣದಷ್ಟೇ ಮುಖ್ಯವಾದುದು ವೇಗ. ಎನ್‌ವಿಡಿಯಾದ ಜಿ.ಟಿ. 1030 ಎಂಬ ಕಾರ್ಡು 2017ರಲ್ಲಿ ಬಂದಾಗ ಅದರ ಸ್ಮೃತಿಯು ಸೆಕೆಂಡಿಗೆ 48 ಗಿಗಾಬೈಟುಗಳನ್ನು ಸಾಗಿಸಬಲ್ಲುದಾಗಿತ್ತು. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಗಿಗಾಬೈಟಿನ, ಆದರೆ ಬೇರೆ ಬಗೆಯ ಸ್ಮೃತಿಯ ಕಾರ್ಡೊಂದು ಬಂದಿತು. ಅದರ ಸಾಮರ್ಥ್ಯ 17 ಗಿಗಾಬೈಟಿಗೂ ಕಡಿಮೆ. ಹೆಸರನ್ನಷ್ಟೇ ನೋಡಿ ಹಣ ತೆತ್ತವರ ಪಾಡನ್ನು ಊಹಿಸಬಹುದು.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಕ್ಕದಿಂದ ನೋಡಿದರೂ ಬಣ್ಣ ಕೆಡದಿರಬೇಕಾದರೆ ಐ.ಪಿ.ಎಸ್. ಬಗೆಯ ಪರದೆ, ಕತ್ತಲೆಯ ಕೋಣೆಯಲ್ಲಿ ಗಾಢವಾದ ಕಪ್ಪು ಬೇಕಾದರೆ ವಿ.ಎ. ಬಗೆಯದು.

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ಸೆಕೆಂಡಿಗೆ 144 ಚಿತ್ರಗಳನ್ನು ತೋರಿಸಬಲ್ಲ ಮಾನಿಟರನ್ನೂ ಒಂದು ಕಾರ್ಡನ್ನೂ ಕೊಂಡನು. ಮನೆಯವರು ಕಷ್ಟದಿಂದ ಕೂಡಿಸಿದ ಹಣ. ಒಂದು ವಾರದ ಮೇಲೆ ಬಂದು, “ಮೊದಲಿಗೂ ಈಗಿಗೂ ಏನೂ ವ್ಯತ್ಯಾಸವಿಲ್ಲ ಸಾರ್, ಮೋಸಹೋದೆ” ಎಂದನು. ಹೋಗಿ ನೋಡಲಾಗಿ, ಮಾನಿಟರಿನ ತಂತಿಯನ್ನು ಕಾರ್ಡಿಗೆ ಸಿಕ್ಕಿಸದೆ, ಅದರ ಮೇಲ್ಗಡೆ ಮದರ್‌ಬೋರ್ಡಿನಲ್ಲಿರುವ ಹಳೆಯ ಕಂಡಿಗೇ ಸಿಕ್ಕಿಸಿದ್ದನು. ಕಾರ್ಡು ಏಳು ದಿನವೂ ಸುಮ್ಮನೆ ಕುಳಿತಿತ್ತು. ತಂತಿಯನ್ನು ಬದಲಾಯಿಸಿದರೂ ಚಿತ್ರಗಳು ಸೆಕೆಂಡಿಗೆ 60ರಲ್ಲೇ ನಿಂತಿದ್ದುವು. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನೊಳಗೆ ಹೋಗಿ 144 ಎಂದು ಆರಿಸಿದ ಮೇಲೆ ಅವನ ಮುಖ ಅರಳಿತು.