ಆಳ, ಗಹನ, ಗಾಢ

ಇಂಗ್ಲಿಷಿನ ‘ಡೀಪ್’ ಬಹಳ ದುಡಿಯುವ ಪದ. ನೀರು, ನಿದ್ರೆ, ಕಾಡು, ಬಣ್ಣ, ದನಿ, ದುಃಖ ಎಲ್ಲಕ್ಕೂ ಅದೊಂದೇ ಸಾಕು. ಅದರ ಜಾಡು ಹಿಡಿದು ನಾವೂ ‘ಆಳವಾದ ನಿದ್ರೆ’, ‘ಆಳವಾದ ಸಂತಾಪ’ ಎಂದು ಬರೆಯತೊಡಗಿದ್ದೇವೆ. ಕನ್ನಡದಲ್ಲಿ ಈ ಕೆಲಸವನ್ನು ಯಾವ ಯಾವ ಪದಗಳು ಹಂಚಿಕೊಂಡಿವೆ ಎಂಬುದನ್ನು ವಿಚಾರಿಸುವುದು ಉಚಿತ.

‘ಆಳ’ ಅಚ್ಚಗನ್ನಡ. ಹಳಗನ್ನಡದಲ್ಲಿ ಅದು ‘ಆೞ’. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳವೆಂದು ಕರೆದ ಅಕ್ಷರ ಅದರಲ್ಲಿದೆ. ದೊರೆ ‘ಆಳುವ’ ಮಾತಿನಲ್ಲಿರುವುದು ಕುಳ. ಮೂಡುಬಿದಿರೆಯ ಕಡೆಯ ಆಳ್ವರ ಹೆಸರು ಈ ಆಳಿಕೆಗೆ ಸೇರಿದ್ದು, ಆಳಕ್ಕಲ್ಲ. ರಳ ಮರೆಯಾದ ಮೇಲೆ ಎರಡೂ ಒಂದೇ ವೇಷ ತೊಟ್ಟವು. ‘ಅೞ್ದು’ ಎಂದರೆ ಮುಳುಗು. ಅದೇ ಇಂದಿನ ‘ಅದ್ದು’. ಇಂಗ್ಲಿಷಿನಲ್ಲಿಯೂ ‘ಡೀಪ್’, ‘ಡಿಪ್’ ಒಂದೇ ಬೇರಿನವು. ಭಾಷಾವಂಶ ಬೇರೆಯಾದರೂ, ಆಳದ ನೆಂಟು ಎರಡೂ ಕಡೆ ಮುಳುಗುವುದರೊಡನೆಯೇ.

ಬಂಟ್ವಾಳದಲ್ಲಿ ಬೆಳೆದ ನನಗೆ ಈ ಮಾತನ್ನು ಕಲಿಸಿದ್ದು ನೇತ್ರಾವತಿ. 1923ರ ಮಹಾನೆರೆಯ ಕಥೆಯನ್ನು ಹಿರಿಯರು ಹೇಳುತ್ತಿದ್ದರು. 1974ರ ನೆರೆಯನ್ನು ಹುಡುಗನಾಗಿದ್ದ ನಾನೇ ಕಂಡೆ. ಆಗ ಯಾರೂ ಅಡಿಗಳ ಲೆಕ್ಕ ಹೇಳಲಿಲ್ಲ. “ಅಲ್ಲಿ ಆಳುದ್ದ ನೀರು, ಇಲ್ಲಿ ಎರಡಾಳು” ಎಂದರು. ಆಳಕ್ಕೆ ಆಳೇ ಅಳತೆಗೋಲು! ವ್ಯಾಕರಣ ಬೇರ್ಪಡಿಸಿದ ಎರಡು ಪದಗಳನ್ನು ಹೊಳೆ ಕೂಡಿಸಿತ್ತು.

ಬೆಳ್ತಂಗಡಿಯಿಂದ ಚಾರ್ಮಾಡಿಯ ಕಡೆ ಹೋದರೆ ಕಾಡು. ಅದನ್ನು ಯಾರೂ ಆಳವಾದ ಕಾಡೆನ್ನರು, ‘ದಟ್ಟಡವಿ’ ಎಂಬರು. ಸಂಸ್ಕೃತದ ‘ಗಹನ’ಕ್ಕೂ ಹೊಗಲಾಗದ ದಟ್ಟಡವಿಯೆಂಬ ಅರ್ಥವುಂಟು. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ತಾಳೆಗರಿಯಲ್ಲಿ ಉಳಿದುಬಂದ ‘ಧವಲಾ’ದಂಥ ಸಿದ್ಧಾಂತಗ್ರಂಥವನ್ನು ಗಹನವೆನ್ನುವಾಗ, ದಾರಿ ಕಾಣದ ಕಾಡೊಂದು ಆ ಮಾತಿನ ಹಿಂದಿದೆ. ನೀರಿನ ಆಳದಿಂದ ಬಂದದ್ದು ‘ಗಂಭೀರ’. ಅದು ದನಿಗೂ ಮುಖಕ್ಕೂ ಒಪ್ಪುತ್ತದೆ. ನಿದ್ರೆ ಗಾಢ, ಕೆಂಪು ಕಡು, ಉಸಿರು ದೀರ್ಘ.

ಹಾಗೆಂದು ಆಳವನ್ನು ನೀರಿಗೇ ಕಟ್ಟಿಹಾಕಬೇಕೆಂದಲ್ಲ. ಗಾಯ ಆಳ, ಬೇರು ಆಳ. ಆಳವಾಗಿ ಓದಿದವರೂ ಇದ್ದಾರೆ. ಎಲ್ಲಿ ಒಳಗಿಳಿಯುವುದುಂಟೋ ಅಲ್ಲಿ ಆಳ ಸಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿಯ ಗೆಳೆಯರೊಬ್ಬರ ತಾಯಿ ತೀರಿಕೊಂಡಾಗ ಕಾಗದ ಬರೆಯಲು ಕುಳಿತೆ. “ನನ್ನ ಆಳವಾದ ಸಂತಾಪಗಳು” ಎಂದು ಕೈ ತಾನಾಗಿ ಬರೆಯಿತು. ಓದಿ ನೋಡಿದೆ. ಎಷ್ಟೋ ಸಲ ನನಗೆ ಊಟ ಬಡಿಸಿದ ಆ ಅಮ್ಮ ಆ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಸಂತಾಪವೆಂದರೆ ಬೇಗೆ, ಬೇಗೆಗೆ ಆಳವೆಲ್ಲಿ? ಹೊಡೆದುಹಾಕಿ, “ಅಮ್ಮ ಹೋದ ಸುದ್ದಿ ಕೇಳಿ ಏನೂ ತೋಚುತ್ತಿಲ್ಲ, ನಾಳೆ ಬರುತ್ತೇನೆ” ಎಂದಷ್ಟೇ ಬರೆದೆ. ಮರುದಿನ ಕಾಗದ ಹಾಕದೆ ನಾನೇ ಬಸ್ಸು ಹತ್ತಿದೆ.